ಲಜ್ಜೆಗೆಟ್ಟ ಮುರುಗಲು

ಬೈಯುವುದು ನಮ್ಮ ಮನೆತನದ ಕಸುಬು. ಹೀಗೆಂದರೆ ಹೊರಗಿನಿಂದ ಬಂದವರು ನಗುತ್ತಾರೆ. ನಗಲಿ. ನಕ್ಕವರಿಗೆ ನಾನು ಒಂದು ಲೋಟ ಮುರುಗಲ ಪಾನಕ ಕೊಟ್ಟು ಎದುರಿಗೆ ಕೂರುತ್ತೇನೆ. ಅವರು ಅದರ ಕೆಂಪು ಬಣ್ಣ ನೋಡಿ, ಒಂದು ಗುಟುಕು ಕುಡಿದು, ಹುಳಿಗೆ ಒಂದು ಕಣ್ಣು ಮುಚ್ಚಿ, ಇನ್ನೊಂದು ಲೋಟಕ್ಕೆ ಕೈ ಚಾಚಿದ ಮೇಲೆ ನಿಧಾನಕ್ಕೆ ಹೇಳುತ್ತೇನೆ: ಸುಮ್ಮನೆ ಬಿಟ್ಟ ಹಣ್ಣಲ್ಲ ಸ್ವಾಮಿ ಅದು, ಬೈಸಿಕೊಂಡು ಬಿಟ್ಟದ್ದು.

ಯಾವ ಬಸ್ಸಿನ ಬೋರ್ಡಿನಲ್ಲೂ ನಮ್ಮ ಊರಿನ ಹೆಸರಿಲ್ಲ. ಕಂಡಕ್ಟರು "ಹುಳಿಯವ್ರು ಇಳೀರಿ" ಎಂದು ಕೂಗಿದರೆ ನಾವು ಇಳಿಯುತ್ತೇವೆ. ಮನೆಗೊಂದಾದರೂ ಮುರುಗಲು ಮರ ಇರುವ ಊರು ಇದು. ವರ್ಷದ ಹನ್ನೆರಡು ತಿಂಗಳೂ ಹಸಿರಾಗಿ, ಕೊಂಬೆಗಳನ್ನು ಇಳಿಬಿಟ್ಟುಕೊಂಡು ನಿಂತಿರುತ್ತದೆ. ಅದರ ಸಿಪ್ಪೆ ಒಣಗಿಸಿ ಸಾರಿಗೆ ಹಾಕುತ್ತೇವೆ, ರಸ ಹಿಂಡಿ ಪಾನಕ ಮಾಡುತ್ತೇವೆ, ಬೀಜ ಕುಟ್ಟಿ ಕುದಿಸಿ ತುಪ್ಪ ತೆಗೆಯುತ್ತೇವೆ. ಪಿತ್ತ ಏರಿದರೂ ಮುರುಗಲು, ಮೈಮೇಲೆ ಗಂದೆ ಎದ್ದರೂ ಮುರುಗಲು, ಹಿಮ್ಮಡಿ ಒಡೆದರೂ ಮುರುಗಲು. ಆದರೆ ನಮ್ಮ ಊರಿನ ಮುರುಗಲಿಗೆ ಒಂದು ಚಾಳಿ. ಹೂ ಬಿಟ್ಟ ಹೊತ್ತಿನಲ್ಲಿ ಬುಡದಲ್ಲಿ ನಿಂತು ಬಾಯ್ತುಂಬ ಬೈದರೆ ಮಾತ್ರ ಕಾಯಿ ಕಚ್ಚುತ್ತದೆ. ಮನೆಯವರು ಬೈದರೆ ನಾಲ್ಕು ಕೆಂಪು ಚಿಗುರು ಬಿಟ್ಟು ಸುಮ್ಮನಾಗುತ್ತದೆ. ಕಾಯಿಗೆ ಬೈಗಾರ್ತಿಯೇ ಬೇಕು. ಆ ಬೈಗಾರ್ತಿ ನಾನು, ತುಳಸು.

ಬೈಗುಳಕ್ಕೂ ಒಂದು ಕಟ್ಟಳೆ ಇದೆ. ಮನುಷ್ಯರ ಮೇಲೆ ಒಮ್ಮೆ ಬಳಸಿದ ಬೈಗುಳ ಹಳಸಿಹೋಗುತ್ತದೆ, ಮರ ಅದಕ್ಕೆ ಕಿವಿಗೊಡುವುದಿಲ್ಲ. ಆದ್ದರಿಂದ ನಮ್ಮಲ್ಲಿ ಯಾರೂ ಯಾರಿಗೂ ಬೈಯುವಂತಿಲ್ಲ. ಬಾಯಿ ತಪ್ಪಿ ಒಂದು 'ಕತ್ತೆ' ಹೊರಬಿದ್ದರೂ ಊರಕಟ್ಟೆಯ ಮೇಲೆ ಕೂತು, ಎಲ್ಲರ ಎದುರು, ಉಪ್ಪಿಲ್ಲದ ಒಣಸಿಪ್ಪೆ ಮೂರು ಜಗಿಯಬೇಕು. ಹೀಗಾಗಿ ಊರಿನಲ್ಲಿ ಉಸಿರುಕಟ್ಟುವಷ್ಟು ಮರ್ಯಾದೆ. ಬೇಲಿ ಹಾರಿ ಬಂದ ಹಸು ಬಸಳೆ ಚಪ್ಪರ ಮೇಯ್ದರೆ ಬಸಳೆಯವಳು ಹಸುವಿನವಳ ಅಂಗಳಕ್ಕೆ ಹೋಗಿ, "ತಮ್ಮ ಗೋಮಾತೆ ನಮ್ಮಲ್ಲಿ ಊಟ ಮಾಡಿ ಹೋದ್ಲು, ಬಡಿಸೂಕೆ ನಾವು ಇರ್ಲಿಲ್ಲ, ಬೇಜಾರು ಮಾಡ್ಕೋಬೇಡಿ" ಎಂದು ಹಲ್ಲು ಕಚ್ಚಿಕೊಂಡು ಹೇಳಿ ಬರುತ್ತಾಳೆ. ತಡೆಯಲಾಗದವರು ತಮ್ಮ ಹಿತ್ತಿಲ ಮರದ ಹತ್ತಿರ ಹೋಗುತ್ತಾರೆ. ಊರಗೌಡ ಹಮ್ಮಣ್ಣನವರ ಹೆಂಡತಿ ನಾಗವೇಣಿ ದಿನಾ ಬೆಳಿಗ್ಗೆ ಮರದ ಮುಂದೆ ನಿಂತು, "ಸಂತೆಗೆ ಹೋಗಿ ಉಪ್ಪು ಮರ್ತು ಬಂದದ್ದು ಯಾರು? ಇಸ್ಪೀಟು ಮರೀಲಿಲ್ಲ, ಉಪ್ಪು ಮರ್ತದ್ದು ಹೇಗೆ?" ಎಂದು ಕೇಳುತ್ತಿದ್ದಳು. ಗೌಡರು ಒಳಗೆ ಕೂತು, "ಪಾಪ, ಮರ" ಎನ್ನುತ್ತಿದ್ದರು.

ಈ ಕಸುಬು ನನಗೆ ಬಂದದ್ದು ದೊಡ್ಡಮ್ಮ ಬೀರಮ್ಮನಿಂದ. ನನ್ನನ್ನು ಸಾಕಿದವಳೂ ಅವಳೇ. ಅವಳ ಬಾಯಿ ಎಂಥದ್ದಿತ್ತೆಂದರೆ, ಒಂದು ಹಿತ್ತಿಲಲ್ಲಿ ನಿಂತು ಬೈದರೆ ಪಕ್ಕದ ನಾಲ್ಕು ಹಿತ್ತಿಲ ಮರಗಳು ಬೈಸಿಕೊಳ್ಳದೆಯೇ ಕಾಯಿ ಬಿಡುತ್ತಿದ್ದವಂತೆ. ಹಲ್ಲು ಬಿದ್ದ ಮೇಲೆ ಅವಳ ಬೈಗುಳ ಮರಗಳಿಗೆ ಆಶೀರ್ವಾದದಂತೆ ಕೇಳಿಸತೊಡಗಿತು. ಆಗ ತೆಂಗಿನ ಕಡ್ಡಿಯ ಕಸಬರಿಗೆಯನ್ನು, ಅದೇ ನಮ್ಮ ಅಧಿಕಾರದ ಗುರುತು, ನನ್ನ ಕೈಗಿಟ್ಟು ಒಂದೇ ಒಂದು ಮಾತು ಹೇಳಿದಳು: "ಬೈಯೂವಾಗ ಕಣ್ಣು ಮುಚ್ಕೋ ಮಗಾ. ಮರದ ಮುಖ ನೋಡ್ಬೇಡ. ನೋಡಿದ್ರೆ ಪಾಪ ಅನ್ನಿಸ್ತದೆ, ಪಾಪ ಅನ್ನಿಸಿದ್ರೆ ನಾಲ್ಗೆ ಮೆತ್ತಗಾಗ್ತದೆ."

ಹಾಗಾಗಿ ಹದಿನೆಂಟು ವರ್ಷ ನಾನು ಕಣ್ಣು ಮುಚ್ಚಿಕೊಂಡೇ ಬೈದೆ. ಪುಷ್ಯ ಮಾಸ ಹುಟ್ಟಿತೆಂದರೆ ಬೆಳಿಗ್ಗೆ ಎರಡು ಮರ, ಸಂಜೆ ಎರಡು ಮರ. ಕಸಬರಿಗೆಯಿಂದ ಬುಡಕ್ಕೆ ಮೂರೇಟು ಹಾಕುವುದು, ಕಣ್ಣು ಮುಚ್ಚುವುದು, ಶುರು. "ಏ ಗೊಡ್ಡೇ! ಬಂಜೆ ಮೂಳೀ! ನಿನ್ನ ಓರಗೆಯವರೆಲ್ಲ ಮೈತುಂಬ ಹೊತ್ತು ನಿಂತಿದ್ದಾರೆ, ನಿಂಗೆ ಎಂತ ಬ್ಯಾನೆ?" ನಮ್ಮ ಬೈಗುಳಗಳೆಲ್ಲ ಇಂಥವೇ. ಹೆಣ್ಣಿಗೆ ಆಡಬಾರದ ಮಾತುಗಳನ್ನೆಲ್ಲ ಆಯ್ದು ಮರಕ್ಕೆ ಮೀಸಲಿಟ್ಟಿದ್ದೆವು. ಹತ್ತು ದಿನದೊಳಗೆ ಹಸಿರು ಗುಂಡುಕಾಯಿ ಕಾಣಿಸುತ್ತಿತ್ತು. ಮೂರು ವರ್ಷ ಬೈದರೂ ಕಾಯಿ ಬಿಡದ ಮರವನ್ನು 'ಲಜ್ಜೆಗೆಟ್ಟ ಮರ' ಎಂದು ಕರೆದು, ಮಾಘದ ಹುಣ್ಣಿಮೆಯ ದಿನ ಕಡಿದು ಒಲೆಗೆ ಹಾಕುತ್ತಿದ್ದರು. ಬೀಜ ಊರಿ, ಬುಟ್ಟಿಯಲ್ಲಿ ಒಂದು ಮಳೆಗಾಲ ಸಾಕಿ, ಹಿತ್ತಿಲಿಗೆ ಇಳಿಸಿ, ಬುಡಕ್ಕೆ ಸೆಗಣಿ ಗೊಬ್ಬರ ಕೊಟ್ಟು, ಏಳೆಂಟು ವರ್ಷ ಕಾದು, ಮೇಲೆ ಮೂರು ವರ್ಷ ಬೈದು, ಕೊನೆಗೆ ಸೌದೆ! ಹೊಟ್ಟೆ ಉರಿಯುತ್ತಿತ್ತು. ಆದರೂ ಕಟ್ಟಳೆ ಕಟ್ಟಳೆಯೇ.

ಈಗ ಬೊಮ್ಮಯ್ಯನ ವಿಷಯಕ್ಕೆ ಬರುತ್ತೇನೆ. ಬೊಮ್ಮಯ್ಯ ನಮ್ಮ ಊರಿನ ತುಪ್ಪದವನು. ಊರವರೆಲ್ಲರ ಮುರುಗಲ ಬೀಜ ಅವನ ಅಂಗಳಕ್ಕೆ ಬರುತ್ತದೆ. ಅವನು ಅದನ್ನು ಒಣಗಿಸಿ, ಒರಳಲ್ಲಿ ಕುಟ್ಟಿ, ದೊಡ್ಡ ಕಡಾಯಿಯಲ್ಲಿ ನೀರು ಹಾಕಿ ಕುದಿಸುತ್ತಾನೆ. ಮೇಲೆ ತೇಲಿದ ಜಿಡ್ಡನ್ನು ಚಿಪ್ಪಿನ ಸೌಟಿನಲ್ಲಿ ತೆಗೆದು, ಆರಿದ ಮೇಲೆ ಅಂಗೈಯಲ್ಲಿ ಉರುಟಿ, ಕೋಳಿಮೊಟ್ಟೆಯಷ್ಟು ದೊಡ್ಡ ಬಿಳಿ ಉಂಡೆ ಕಟ್ಟುತ್ತಾನೆ. ಊರಿನ ಯಾವ ಹಿಮ್ಮಡಿ ಎಷ್ಟು ಒಡೆದಿದೆ ಎಂದು ಅವನಿಗೆ ಬಾಯಿಪಾಠ. ವಯಸ್ಸು ನಲವತ್ತೈದರ ಮೇಲೆ, ಒಬ್ಬನೇ, ಮಾತು ಕಡಿಮೆ, ನಗು ಜಾಸ್ತಿ. ಅವನ ಅಂಗಳದಲ್ಲಿ ಅವನೇ ಬೀಜ ಊರಿ ಬೆಳೆಸಿದ ಒಂದು ಮುರುಗಲು ನನ್ನ ಕಸುಬಿನ ಹದಿನಾರನೇ ವರ್ಷ ಮೊದಲ ಹೂ ಬಿಟ್ಟಿತು.

ಮೊದಲ ವರ್ಷ ಬೈದೆ, ಕಾಯಿ ಬಿಡಲಿಲ್ಲ. ಎಳೆ ಮರ, ಅರ್ಥವಾಗಿರಲಿಕ್ಕಿಲ್ಲ ಎಂದುಕೊಂಡೆ. ಎರಡನೇ ವರ್ಷ ಮೂರು ದಿನ ಬೈಯುವಲ್ಲಿ ಆರು ದಿನ ಬೈದೆ. ಉಹೂಂ. ನನಗೆ ಸಿಟ್ಟು ಬರಿಸುತ್ತಿದ್ದದ್ದು ಮರಕ್ಕಿಂತ ಬೊಮ್ಮಯ್ಯ. ನಾನು ಗಂಟಲು ಹರಿದುಕೊಂಡು ಬೈಯುವಾಗ ಅವನು ಜಗಲಿಯ ಮೇಲೆ ಗೋಡೆಗೆ ಒರಗಿ ಕೂತು, ಭಜನೆ ಕೇಳುವವರ ಹಾಗೆ ತಲೆದೂಗುತ್ತಿದ್ದ. ಕಣ್ಣು ಮುಚ್ಚಿದ್ದರೂ ಅವನ "ಆಹಾ!" ಕಿವಿಗೆ ಬೀಳುತ್ತಿತ್ತು. ಮುಗಿದ ಮೇಲೆ ಪಾನಕ ತಂದುಕೊಡುತ್ತಿದ್ದ. ಒಂದು ದಿನ ಕಾಗದದಲ್ಲಿ ಸುತ್ತಿದ ತುಪ್ಪದ ಉಂಡೆಯನ್ನೂ ಕೊಟ್ಟ.

"ಎಂತಕ್ಕೆ ಇದು? ನನ್ನ ಹಿಮ್ಮಡಿ ಸರಿಯಿದ್ದದೆ" ಎಂದೆ.

"ಹಿಮ್ಮಡಿಗಲ್ಲ. ಬೈದೂ ಬೈದೂ ತುಟಿ ಒಡ್ದದೆ ನಿಂದು. ಹಚ್ಕೋ."

"ನೀನು ಹೀಗೆ ಉಪಚಾರ ಮಾಡ್ತಾ ಕೂತ್ರೆ ಮರಕ್ಕೆ ಹೆದರಿಕೆ ಹೇಗೆ ಬರ್ಬೇಕು? ನಾ ಹೋದ ಮೇಲೆ ಅದ್ರ ಬೆನ್ನು ಸವರ್ತೀಯಂತೆ, ಹೌದಾ?"

"ಸವರ್ತೆ" ಎಂದ ಬೊಮ್ಮಯ್ಯ, ನಾಚಿಕೊಂಡು. "ಅಷ್ಟು ಬೈಸ್ಕೊಂಡದ್ದಲ್ದಾ."

ಮೂರನೇ ವರ್ಷ ವಿಷಯ ಬಿಗಡಾಯಿಸಿತು. ಕೆಲವು ವರ್ಷಗಳಿಂದ ಊರಿನ ಬೆಳೆಯೇ ಕಡಿಮೆಯಾಗುತ್ತ ಬಂದಿತ್ತು. ಬುಟ್ಟಿಗಟ್ಟಲೆ ಸಿಗುತ್ತಿದ್ದ ಕಡೆ ಮಡಿಲು ತುಂಬಿದರೆ ಹೆಚ್ಚು ಎನ್ನುವಂತಾಗಿತ್ತು. ಜನ ಮೊದಮೊದಲು ಮಳೆಯನ್ನು ದೂರಿದರು, ಆಮೇಲೆ ನನ್ನ ಮುಖ ನೋಡತೊಡಗಿದರು. ಬೈಯುವಂತಿಲ್ಲವಲ್ಲ, ಬಹಳ ಮರ್ಯಾದೆಯಿಂದ ನೋಡಿದರು. ಪುಷ್ಯ ಹುಟ್ಟುವ ಮೊದಲೇ ಹಮ್ಮಣ್ಣ ಗೌಡರು ಕಟ್ಟೆಗೆ ಕರೆಸಿ, "ತುಳಸಕ್ಕ, ತಮ್ಮ ಬಾಯಿಗೆ ಇಡೀ ಊರೇ ಋಣಿ. ಆದ್ರೆ ಈ ಸಲ ಆ ಬೊಮ್ಮಯ್ಯನ ಮರ ಕಾಯಿ ಬಿಡ್ಲಿಲ್ಲ ಅಂದ್ರೆ ಮರವನ್ನೂ ಕಡಿಸೂದು, ಕಸಬರಿಗೆಯನ್ನೂ ತಮ್ಮ ಹತ್ರ ಇಸ್ಕೊಳ್ಳೂದು ಹೇಳಿ ತೀರ್ಮಾನ ಆಗಿದೆ. ತಪ್ಪು ತಿಳ್ಕೋಬಾರ್ದು" ಎಂದರು.

ಮನೆಗೆ ಬಂದು ಅತ್ತೆ. ನಾಚಿಕೆಯೇನೂ ಇಲ್ಲ ಹೇಳಲಿಕ್ಕೆ. ನನಗೆ ಗಂಡ ಇಲ್ಲ, ಮಕ್ಕಳಿಲ್ಲ, ಗದ್ದೆ ಇಲ್ಲ. ಇದ್ದದ್ದು ನಾಲಗೆ ಒಂದು. ಅದನ್ನೂ ಕಿತ್ತುಕೊಂಡರೆ ಈ ಊರಿನಲ್ಲಿ ನಾನು ಯಾರು? ದೊಡ್ಡಮ್ಮ ಮೂಲೆಯಿಂದ, "ಅಳೂದು ಯಾಕೆ ಮಗಾ, ಬೈ ಹೋಗು" ಎಂದಳು.

ಹೋದೆ. ಆ ವರ್ಷ ಬೊಮ್ಮಯ್ಯನ ಮರಕ್ಕೆ ಬೈದಷ್ಟು ಯಾವ ಮರಕ್ಕೂ ಯಾವ ಬೈಗಾರ್ತಿಯೂ ಬೈದಿರಲಿಕ್ಕಿಲ್ಲ. ದೊಡ್ಡಮ್ಮ ಕೂಡ ಬಳಸದೆ ಎತ್ತಿಟ್ಟಿದ್ದ ಹಳೆಯ ಬೈಗುಳಗಳನ್ನು ಹೊರತೆಗೆದೆ. ಅದರ ಅಮ್ಮನಿಗೆ ಬೈದೆ, ಅಜ್ಜಿಗೆ ಬೈದೆ, ಅದರ ಬುಡದಲ್ಲಿ ಮಲಗುವ ನಾಯಿಗೂ ಬೈದೆ. ನಾಯಿ ಎದ್ದು ಹೋಯಿತು. ಮರ ಮಾತ್ರ ಹೂ ಸುರಿಸುತ್ತ ನಿಂತೇ ಇತ್ತು. ಒಂಬತ್ತನೇ ದಿನ ಮಧ್ಯಾಹ್ನ 'ಬಂ' ಎಂದೆ, 'ಜೆ' ಬರಲಿಲ್ಲ. ಗಂಟಲಿನೊಳಗೆ ಏನೋ ಹರಿದ ಹಾಗಾಯಿತು. ಬಾಯಿ ಆಡುತ್ತಿದೆ, ಸದ್ದಿಲ್ಲ. ಅಲ್ಲೇ ಬುಡದಲ್ಲಿ ಕೂತೆ. ಬೈಯಲಾಗದ ಮೇಲೆ ಕಣ್ಣು ಮುಚ್ಚಿ ಪ್ರಯೋಜನವೇನು? ಕಣ್ಣು ಬಿಟ್ಟೆ.

ಮಡಿಲ ತುಂಬ ಹೂ ಬಿದ್ದಿತ್ತು. ಹದಿನೆಂಟು ವರ್ಷ ಈ ಕಸುಬು ಮಾಡಿ ಮುರುಗಲ ಹೂವನ್ನು ಸರಿಯಾಗಿ ನೋಡಿದ್ದು ಅವತ್ತೇ ಮೊದಲು. ದಪ್ಪ ದಪ್ಪ ನಾಲ್ಕು ಎಸಳು, ನಡುವೆ ಒತ್ತಾಗಿ ಹಳದಿ ಕೇಸರ, ಮುಟ್ಟಿದರೆ ಬೆರಳಿಗೆ ಪುಡಿ. ಅಷ್ಟೇ. ಬೇಲಿಯಾಚೆ ಗೌಡರ ಹಿತ್ತಿಲಿನ ಮರದ ಕೊಂಬೆ ಈಚೆಗೆ ಬಾಗಿತ್ತು. ಸುಮ್ಮನೆ ಕೈ ಚಾಚಿ ಅದರದ್ದೂ ಒಂದು ಹೂ ಕಿತ್ತೆ. ಅದರ ನಡುವೆ ಹಸಿರಾಗಿ, ಸಾಸಿವೆಗಿಂತ ತುಸು ದೊಡ್ಡದಾಗಿ, ಮುಂದೆ ಕಾಯಿಯಾಗುವ ಒಂದು ಪುಟ್ಟ ಹೊಟ್ಟೆ. ಎರಡನ್ನೂ ಅಂಗೈಯಲ್ಲಿಟ್ಟು ನೋಡಿದೆ. ಮತ್ತೆ ನೋಡಿದೆ. ಬೊಮ್ಮಯ್ಯನ ಮರದ ಕೆಳಗಿನ ಹೂವನ್ನೆಲ್ಲ ಬಾಚಿ ಬಾಚಿ ಹುಡುಕಿದೆ. ಒಂದರಲ್ಲೂ ಹೊಟ್ಟೆ ಇಲ್ಲ.

ಇದು ಗಂಡು ಮರ. ಮೂರು ವರ್ಷದಿಂದ ನಾನು ಒಬ್ಬ ಗಂಡಸಿಗೆ ಬಂಜೆ ಎಂದು ಬೈಯುತ್ತಿದ್ದೆ.

ಮೊದಲು ನಗು ಬಂತು. ಸದ್ದಿಲ್ಲದ ನಗು, ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಒಂದೊಂದೇ ಬುಡದ ಮೋಟು ನೆನಪಾಯಿತು. ಗೌಡರ ಕೊಟ್ಟಿಗೆಯ ಹಿಂದಿನದು, ಹೋದ ವರ್ಷ ಕಡಿದದ್ದು. ಬಾವಿಕಟ್ಟೆಯದು. ನಮ್ಮದೇ ಹಿತ್ತಿಲಿನದು, ದೊಡ್ಡಮ್ಮನ ಕಾಲದ್ದು. ಎಲ್ಲ ಲಜ್ಜೆಗೆಟ್ಟವು, ಎಲ್ಲ ಹೂ ಸುರಿಸಿ ಸುರಿಸಿ ನಿಂತಿದ್ದವು. ಅವು ಹೋದ ಹಾಗೆಲ್ಲ ಆಚೀಚಿನ ಮರಗಳ ಕಾಯಿ ಕಡಿಮೆಯಾಗುತ್ತ ಬಂದದ್ದೂ ಈಗ ನೆನಪಾಯಿತು. ಪಾಪ, ಹೆಣ್ಣು ಮರಗಳಿಗೆ ಹಳದಿ ಪುಡಿ ಹಂಚುತ್ತ ತಮ್ಮ ಕೆಲಸ ತಾವು ಮಾಡುತ್ತಿದ್ದವು. ನಾವಿಬ್ಬರೂ, ದೊಡ್ಡಮ್ಮ ಮತ್ತು ನಾನು, ಕಣ್ಣು ಮುಚ್ಚಿಕೊಂಡು ಅವನ್ನೆಲ್ಲ ಒಲೆಗೆ ಕಳಿಸಿದ್ದೆವು. ಊರಿನಲ್ಲಿ ಈಗ ಉಳಿದ ಗಂಡು ಇದೊಂದೇ. ಇದೂ ಹೋದರೆ ಮುಂದಿನ ವರ್ಷ ಯಾರು ಬಂದು ಬೈದರೂ ಒಂದು ಕಾಯಿ ಇಲ್ಲ.

ಎದ್ದು ಬೊಮ್ಮಯ್ಯನ ಹತ್ತಿರ ಓಡಿದೆ. ಅವನು ಕಡಾಯಿ ಕಲಕುತ್ತಿದ್ದ. ಅಂಗೈ ತೆರೆದು ಎರಡು ಹೂವನ್ನೂ ಅವನ ಮೂಗಿನ ಕೆಳಗೆ ಹಿಡಿದೆ. ಬೊಮ್ಮಯ್ಯ ಹೂ ನೋಡಿದ, ನನ್ನನ್ನು ನೋಡಿದ, ಸೌಟು ಕೆಳಗಿಟ್ಟ.

"ಗೊತ್ತಾಯ್ತಾ?" ಎಂದ.

ನಾನು ಬಾಯಿ ತೆರೆದೆ. ಸದ್ದು ಬರಲಿಲ್ಲ.

"ನಂಗೆ ಮೊದಲ ವರ್ಷವೇ ಗೊತ್ತಿತ್ತು. ದಿನಾ ಬೀಜ ಮುಟ್ಟೂ ಕೈ ಅಲ್ದಾ, ಯಾವ ಹೂವಲ್ಲಿ ಬೀಜ ಆಗ್ತದೆ, ಯಾವ್ದರಲ್ಲಿ ಆಗೂದಿಲ್ಲ ಹೇಳಿ ತಿಳೀತದೆ. ಈಗ ಕಡೀತಾರೆ ಹೇಳಿ ಗೊತ್ತಾದ ಮೇಲೆ ಗೌಡ್ರಿಗೆ ಹೇಳೂಕೂ ಹೋಗಿದ್ದೆ. ಮರ ಉಳಿಸ್ಕೊಳ್ಳೂಕೆ ಕಥೆ ಕಟ್ತೀಯ ಹೇಳಿ ನಕ್ಕು ಕಳಿಸಿದ್ರು."

ಮತ್ತೆ ನನಗೆ ಯಾಕೆ ಹೇಳಲಿಲ್ಲ ಎಂದು ಕೈಯಾಡಿಸಿ ಕೇಳಿದೆ. ಬೊಮ್ಮಯ್ಯ ಸೌಟು ಎತ್ತಿಕೊಂಡು ಕಡಾಯಿಯೊಳಗೆ ಇಣುಕಿದ.

"ಹೇಳಿದ್ರೆ ನೀ ಬೈಯೂಕೆ ಬರೂದು ನಿಲ್ಲಿಸ್ತಿದ್ದೆ" ಎಂದ.

ನೋಡಿ, ನನ್ನ ಕಸುಬು ಹೋಗುವುದರಲ್ಲಿದೆ, ಇವನ ಮರ ಹೋಗುವುದರಲ್ಲಿದೆ, ಊರಿನ ಹುಳಿಯೇ ಹೋಗುವುದರಲ್ಲಿದೆ, ಈ ಮಹಾರಾಯ ಮೂರು ವರ್ಷ ಬಾಯಿ ಮುಚ್ಚಿಕೊಂಡು ತಲೆದೂಗುತ್ತ ಕೂತಿದ್ದಾನೆ! ಅವತ್ತು ಗಂಟಲು ನೆಟ್ಟಗಿದ್ದಿದ್ದರೆ ಕಟ್ಟಳೆ ಗಿಟ್ಟಳೆ ನೋಡದೆ ಅವನಿಗೆ ಬೈದುಬಿಡುತ್ತಿದ್ದೆ. ಕಾಲು ನೆಲಕ್ಕೆ ಅಪ್ಪಳಿಸಿ ಮನೆಗೆ ಬಂದೆ. ಸಿಟ್ಟಿನ ಜೊತೆಗೆ ಇನ್ನೂ ಏನೋ ಒಂದು ಇತ್ತು. ಅದನ್ನು ಆಗ ಒಪ್ಪಿಕೊಳ್ಳಲು ನಾನು ತಯಾರಿರಲಿಲ್ಲ.

ದೊಡ್ಡಮ್ಮನಿಗೆ ಹೂಗಳನ್ನು ತೋರಿಸಿದೆ. ಅವಳು ಬೆಳಕಿಗೆ ಹಿಡಿದು, ಉಗುರಿನಿಂದ ಬಿಡಿಸಿ, ಮುದುಕಿಯ ಕಣ್ಣಿನಲ್ಲೂ ನೋಡಬೇಕಾದದ್ದನ್ನು ನೋಡಿದಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಎಷ್ಟು ಮರ ಮಗಾ" ಎಂದಳು. "ಎಷ್ಟು ಮರ ಸುಟ್ಟೆ ನಾನು." ಅಂದಿನಿಂದ ದಿನಕ್ಕೆ ನಾಲ್ಕು ಬಾರಿ ಬಿಸಿ ಗಂಜಿಗೆ ಮುರುಗಲ ತುಪ್ಪ ಹಾಕಿ ನನಗೆ ಕುಡಿಸಿದಳು. "ಹುಣ್ಣಿಮೆಯೊಳಗೆ ನಿನ್ನ ಗಂಟಲು ಸರಿಯಾಗ್ಬೇಕು. ಅವತ್ತು ಆ ಮರದ ಪರವಾಗಿ ಮಾತಾಡೂಕೆ ನೀ ಬಿಟ್ರೆ ಯಾರೂ ಇಲ್ಲ."

ಮಾಘದ ಹುಣ್ಣಿಮೆಯ ಬೆಳಿಗ್ಗೆ ಊರೆಲ್ಲ ಬೊಮ್ಮಯ್ಯನ ಅಂಗಳದಲ್ಲಿ ಸೇರಿತ್ತು. ಮರ ಕಡಿಯುವ ಮಾಚ ಕೊಡಲಿ ಮಸೆಯುತ್ತ ಕೂತಿದ್ದ. ಬೊಮ್ಮಯ್ಯ ಮರದ ಬೆನ್ನಿಗೆ ತನ್ನ ಬೆನ್ನು ಕೊಟ್ಟು ನಿಂತಿದ್ದ. ನನ್ನ ಗಂಟಲು ಮುಕ್ಕಾಲು ಪಾಲು ಮರಳಿತ್ತು. ನಾನು ಗೌಡರ ಎದುರು ಹೂಗಳನ್ನು ಹಿಡಿದು ಎಲ್ಲವನ್ನೂ ಬಿಡಿಸಿ ಹೇಳಿದೆ. ಹೊಟ್ಟೆ ಇರುವ ಹೂ, ಇಲ್ಲದ ಹೂ, ಹಳದಿ ಪುಡಿ, ಕಡಿದ ಮರಗಳು, ಅವು ಹೋದ ಮೇಲೆ ಕಡಿಮೆಯಾದ ಬೆಳೆ. "ನಿಮ್ಮ ಕೊಟ್ಟಿಗೆ ಹಿಂದಿನ ಮರ ಕಡಿಸಿದ್ರಲ್ಲ, ಈ ವರ್ಷ ಆ ಬದಿಯಲ್ಲಿ ಕಾಯಿ ಎಷ್ಟು ಕಚ್ಚಿದೆ, ನೀವೇ ಹೇಳಿ" ಎಂದೆ.

ಗೌಡರು ಮೀಸೆ ತೀಡಿದರು. "ತುಳಸಕ್ಕ, ತಮ್ಮ ಬುದ್ಧಿಗೆ ನಮಸ್ಕಾರ. ಗಂಡು ಹೇಳಿಯೇ ಇಟ್ಕೊಳ್ಳುವ. ಆಗ ತಪ್ಪು ಇನ್ನೂ ದೊಡ್ಡದಾಯ್ತಲ್ಲ? ಗಂಡಾಗಿ ಹುಟ್ಟಿ, ಹೂ ಮುಡ್ಕೊಂಡು, ಯಾವ ಕೆಲಸವೂ ಮಾಡದೆ ದಿನ ಪೂರ್ತಿ ನಿಂತಲ್ಲೇ ನಿಂತಿರ್ತದೆ ಅಂದ್ರೆ ಅಂಥಾದ್ದು ಊರಿಗೆ ಯಾಕೆ?"

ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾಗವೇಣಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಿಟ್ಟುಸಿರು ಬಿಟ್ಟು, ಆಕಾಶ ನೋಡಿದಳು. ಗೌಡರಿಗೆ ಅದು ಹೊಳೆಯಲಿಲ್ಲ. ಅವರು ಮಾಚನಿಗೆ ಕೈಸನ್ನೆ ಮಾಡಿದರು. ಮಾಚ ಎದ್ದ. ಬೊಮ್ಮಯ್ಯನನ್ನು ಇಬ್ಬರು ಬಹಳ ಮರ್ಯಾದೆಯಿಂದ ರಟ್ಟೆ ಹಿಡಿದು ಪಕ್ಕಕ್ಕೆ ಸರಿಸಿದರು. ಕೊಡಲಿ ಮೇಲೆದ್ದಿತು.

ಆ ಕ್ಷಣ ನನಗೆ ಎರಡೇ ದಾರಿ ಕಂಡವು. ಸುಮ್ಮನಿದ್ದರೆ ಮರ ಹೋಗುತ್ತದೆ. ಬಾಯಿ ಬಿಟ್ಟರೆ ನನ್ನ ಸಂಪತ್ತೆಲ್ಲ ಹೋಗುತ್ತದೆ, ಮೂರು ತಲೆಮಾರು ಕೂಡಿಸಿಟ್ಟದ್ದು. ಕಸಬರಿಗೆಯನ್ನು ಎತ್ತಿ ಗೌಡರ ಕಾಲಬುಡದಲ್ಲಿ ನೆಲಕ್ಕೆ ಮೂರೇಟು ಹಾಕಿದೆ. ಕಣ್ಣು ಮಾತ್ರ ಮುಚ್ಚಲಿಲ್ಲ.

"ಏ ಹಮ್ಮಣ್ಣ!" ಎಂದೆ.

ಮಾಚನ ಕೊಡಲಿ ಎತ್ತಿದಲ್ಲೇ ನಿಂತಿತು.

"ಏ ದಂಡಪಿಂಡ! ಮೀಸೆ ಹೊತ್ತ ಗೊಡ್ಡೇ! ಯಾವ ಕೆಲಸವೂ ಮಾಡದೆ ನಿಂತಿರೂದು ಈ ಮರವಾ, ನೀನಾ? ಹಳ್ಳದ ಸಂಕ ಮುರ್ದು ಬಿದ್ದು ಹನ್ನೊಂದು ವರ್ಷ ಆಯ್ತು, ಬಸುರಿಯರು ಸೀರೆ ಎತ್ಕೊಂಡು ಸೊಂಟದ ನೀರಲ್ಲಿ ದಾಟ್ತಾರೆ, ನಿನ್ನ ಕಣ್ಣಿಗೆ ಎಂತ ಮೆತ್ಕೊಂಡದೆ? ಬಾವಿಗೆ ರಾಟೆ ಇಲ್ಲ, ಕಟ್ಟೆಗೆ ಕಲ್ಲಿಲ್ಲ, ನಿನ್ನ ಇಸ್ಪೀಟಿಗೆ ಮಾತ್ರ ರಜೆ ಇಲ್ಲ! ನಿನ್ನ ನೆರಳಲ್ಲಿ ಹುಲ್ಲೂ ಹುಟ್ಟೂದಿಲ್ಲ, ನಿನ್ನಿಂದ ಊರಿಗೆ ಒಂದು ಹೂವಿಲ್ಲ, ಕಾಯಿಲ್ಲ, ಚಕ್ಕೆ ಸೌದೆ ಇಲ್ಲ! ನಿನ್ನ ಕಡಿದು ಒಲೆಗೆ ಹಾಕಿದ್ರೆ ಹೊಗೆಯೂ ಏಳೂದಿಲ್ಲ, ಮೇಲೆ ಹತ್ಬೇಕಲ್ಲ ಹೇಳಿ ಅದೂ ಬೂದಿಯಲ್ಲೇ ಮಲಗ್ತದೆ! ಉಪ್ಪು ತರೂಕೆ ಆಗದ ಸೋಂಬೇರಿ, ಮರಕ್ಕೆ ನ್ಯಾಯ ಹೇಳ್ತೀಯಾ?"

ಇದು ಮೊದಲ ಒಂದು ಪಾಲು. ಉಳಿದದ್ದನ್ನು ಇಲ್ಲಿ ಬರೆಯುವುದಿಲ್ಲ, ದೊಡ್ಡಮ್ಮ ಎತ್ತಿಟ್ಟದ್ದೆಲ್ಲ ಅದರಲ್ಲಿತ್ತು. ಮಧ್ಯದಲ್ಲಿ ಎಲ್ಲೋ ನಾಗವೇಣಿ, "ಸೊಸೈಟಿ ಬಾಗಿಲು ಮುರ್ದು ಬಿದ್ದದ್ದೂ ಹೇಳು" ಎಂದು ಮೆಲ್ಲಗೆ ನೆನಪಿಸಿದಳು. ಅದನ್ನೂ ಹೇಳಿದೆ. ಮುಗಿಸುವಾಗ ನನ್ನ ಗಂಟಲು ಹರಿದಿತ್ತು, ಮಾಚನ ಕೈಯಿಂದ ಕೊಡಲಿ ಜಾರಿತ್ತು, ಗೌಡರ ಕಿವಿ ಮುರುಗಲ ಚಿಗುರಿನಷ್ಟು ಕೆಂಪಾಗಿತ್ತು. ಹುಟ್ಟಿದಾಗಿನಿಂದ ಆ ಮನುಷ್ಯನಿಗೆ ಯಾರೂ ಒಂದು ಮಾತು ಬೈದವರಲ್ಲ. ಅವರು ಹಳ್ಳದ ದಿಕ್ಕಿಗೆ ಒಮ್ಮೆ ತಿರುಗಿ ನೋಡಿದರು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಸಂಕ ಮುರ್ದು ಹನ್ನೊಂದು ವರ್ಷ ಆಯ್ತಾ?" ಎಂದು ಕೇಳಿ, ಯಾರ ಉತ್ತರಕ್ಕೂ ಕಾಯದೆ ಮನೆ ಕಡೆ ನಡೆದುಬಿಟ್ಟರು.

ಮರುದಿನ ಬೆಳಿಗ್ಗೆ ಗೌಡರು ಪಂಚೆ ಎತ್ತಿ ಕಟ್ಟಿ ಹಳ್ಳದ ನೀರಿನಲ್ಲಿ ನಿಂತಿದ್ದರು. ಹೆಗಲ ಮೇಲೆ ಹಲಗೆ. ಎಂಟು ದಿನದಲ್ಲಿ ಸಂಕ ಎದ್ದಿತು, ಹತ್ತನೇ ದಿನ ಬಾವಿಗೆ ರಾಟೆ ಬಂತು, ಹನ್ನೆರಡನೇ ದಿನ ಗೌಡರು ಸಂತೆಯಿಂದ ಐದು ಸೇರು ಉಪ್ಪು ಹೊತ್ತು ತಂದರು. "ಕಾಯಿ ಬಿಟ್ರಪ್ಪ ನಮ್ಮ ಗೌಡ್ರು!" ಎಂದು ನಾಗವೇಣಿ ಮನೆಮನೆಗೆ ಹೇಳಿಕೊಂಡು ಬಂದಳು. ಬೈದರೆ ಮನುಷ್ಯರೂ ಕಾಯಿ ಬಿಡುತ್ತಾರೆ ಎಂದು ಅಲ್ಲಿಯವರೆಗೆ ನಮ್ಮ ಊರಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ಬೊಮ್ಮಯ್ಯನ ಮರದ ತಂಟೆಗೆ ಮತ್ತೆ ಯಾರೂ ಹೋಗಲಿಲ್ಲ. ಈಗ ಹತ್ತು ಹೆಣ್ಣು ಮರಕ್ಕೆ ಒಂದು ಗಂಡು ಬಿಡಬೇಕೆಂದು ಕಟ್ಟೆಯ ಮೇಲೆ ತೀರ್ಮಾನವೇ ಆಗಿದೆ.

ಇಷ್ಟಾದರೂ ಕಟ್ಟಳೆ ಮುರಿದವಳು ಮುರಿದವಳೇ. ಹುಣ್ಣಿಮೆಯ ಆ ದಿನವೇ ನಾನು ಕಟ್ಟೆಯ ಮೇಲೆ ಕೂತು ಉಪ್ಪಿಲ್ಲದ ಸಿಪ್ಪೆ ಜಗಿದೆ, ಕಸಬರಿಗೆಯನ್ನು ಅಲ್ಲೇ ಇಟ್ಟು ಬರಿಗೈಯಲ್ಲಿ ಮನೆ ದಾರಿ ಹಿಡಿದೆ. ಬೈಗುಳವೆಲ್ಲ ಹಳಸಿತ್ತು. ಹದಿನೆಂಟು ವರ್ಷದಲ್ಲಿ ಮೊದಲ ಬಾರಿ ನನ್ನ ಕೈಗೆ ಏನು ಹಿಡಿದುಕೊಳ್ಳಬೇಕೆಂದು ತಿಳಿಯದೆ ಸೆರಗಿನ ತುದಿ ಹಿಡಿದುಕೊಂಡೆ. ಹೊತ್ತು ಇಳಿಯುತ್ತಿತ್ತು. ದಾರಿಯ ತಿರುವಿನಲ್ಲಿ ಬೊಮ್ಮಯ್ಯ ನಿಂತಿದ್ದ, ಕೈಯಲ್ಲಿ ಕಾಗದದ ಪೊಟ್ಟಣ.

"ತುಟಿಗೆ" ಎಂದ.

ನಾನು ತೆಗೆದುಕೊಳ್ಳಲಿಲ್ಲ. ಅವನು ಚಾಚಿದ ಕೈ ಹಿಂದೆ ಎಳೆಯಲೂ ಇಲ್ಲ.

"ತುಳಸು, ಈಗ ನಿಂಗೆ ಮರಗಳ ಹಂಗಿಲ್ಲ ಅಲ್ದಾ? ಯಾರಿಗೆ ಬೇಕಾದ್ರೂ ಬೈಯೂಕಾಗ್ತದೆ?"

"ಆಗ್ತದೆ. ಎಂತ ಈಗ?"

ಬೊಮ್ಮಯ್ಯ ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆದಕಿದ. "ಮೂರು ವರ್ಷ ನೀ ಆ ಮರಕ್ಕೆ ಬೈಯೂದು ಕೇಳ್ತಾ ಕೂತಿದ್ದೆ. ಎಷ್ಟು ಚಂದ ಬೈತಿದ್ದೆ. ಅದ್ರ ಅಮ್ಮ, ಅಜ್ಜಿ, ನಾಯಿ, ನೀ ಯಾರನ್ನೂ ಬಿಡ್ತಿರ್ಲಿಲ್ಲ. ನಂಗೆ ಹೊಟ್ಟೆಕಿಚ್ಚಾಗ್ತಿತ್ತು. ನಂಗೂ ಹೀಗೆ ಬೈಯೂಕೆ ಒಬ್ರು ಇದ್ದಿದ್ರೆ ಹೇಳಿ."

ಗಂಟಲು ಹರಿದಿತ್ತು, ಬೈಗುಳ ಹಳಸಿತ್ತು, ಬಾಯೆಲ್ಲ ಹುಳಿಯಾಗಿತ್ತು. ಆದರೂ ಎಲ್ಲಿಂದ ಬಂತೋ ಗೊತ್ತಿಲ್ಲ. "ಏ ಮುಠ್ಠಾಳ!" ಎಂದೆ. ದನಿ ಪಿಸುಮಾತಿಗಿಂತ ತುಸು ಮೇಲೆ. "ಏ ಕುದಿಯದ ಕಡಾಯಿ! ಇದನ್ನು ಹೇಳೂಕೆ ನಿಂಗೆ ಮೂರು ವರ್ಷ ಬೇಕಾಯ್ತಾ? ನನ್ನ ಗಂಟಲು ಹೋಯ್ತು, ಕಸುಬು ಹೋಯ್ತು, ಕೂದಲು ನೆರೀತು, ನೀನು ತಲೆದೂಗ್ತಾ ಕೂತಿದ್ಯಾ?" ಬೊಮ್ಮಯ್ಯ ಕಣ್ಣು ಮುಚ್ಚಿ, ತಲೆದೂಗಿ, "ಆಹಾ!" ಎಂದ. ಆ ಪೊಟ್ಟಣ ಕಿತ್ತುಕೊಂಡು ಅವನ ಎದೆಗೇ ಎಸೆದೆ. ಆಮೇಲೆ ನಾನೇ ಹೆಕ್ಕಿಕೊಂಡೆ.

ಅಕ್ಷಯ ತದಿಗೆಯ ದಿನ ಅವನ ಅಂಗಳದಲ್ಲಿ, ಆ ಗಂಡು ಮರದ ಕೆಳಗೆ, ನಮ್ಮ ಮದುವೆ ಆಯಿತು. ಹಾರ ಗೌಡರೇ ತಂದಿದ್ದರು. ಊರಿಗೆ ಹೊಸ ಬೈಗಾರ್ತಿ ಸಿಕ್ಕಿಲ್ಲ, ಬೇಕಾಗಿಯೂ ಇಲ್ಲ. ನಾನು ಬೆಳಿಗ್ಗೆ ಎದ್ದು ಬೊಮ್ಮಯ್ಯನಿಗೆ ಬೈಯಲು ಶುರು ಮಾಡಿದೆನೆಂದರೆ ಸುತ್ತಲಿನ ಹಿತ್ತಿಲುಗಳ ಮರಗಳೆಲ್ಲ ತಮಗೇ ಎಂದುಕೊಂಡು ಕಾಯಿ ಬಿಡುತ್ತವೆ, ಹಾಗಾಗಿ ನನಗೆ ಸಿಪ್ಪೆ ಜಗಿಸುವ ಮಾತನ್ನು ಕಟ್ಟೆಯಲ್ಲಿ ಯಾರೂ ಎತ್ತುವುದಿಲ್ಲ. ಮನುಷ್ಯರ ಮೇಲೆ ಬಳಸಿದ ಬೈಗುಳ ಹಳಸುವುದಿಲ್ಲವೇ ಎಂದು ನೀವು ಕೇಳಬಹುದು. ಹಳಸುತ್ತದೆ. ಆದರೆ ಇಂಥ ಗಂಡ ಕಟ್ಟಿಕೊಂಡವಳಿಗೆ ದಿನಾ ಹೊಸದು ಹುಟ್ಟುತ್ತದೆ.

ಗೌಡರು ಒಂದೇ ಬೈಗುಳಕ್ಕೆ ಸರಿಹೋದರು. ಬೊಮ್ಮಯ್ಯ ಮಾತ್ರ ಇಷ್ಟು ವರ್ಷವಾದರೂ ಸರಿಹೋಗಿಲ್ಲ. ಒದ್ದೆ ಟವಲ್ಲನ್ನು ಹಾಸಿಗೆಯ ಮೇಲೆಯೇ ಬಿಡುತ್ತಾನೆ, ಸೌಟನ್ನು ಕಡಾಯಿಯಲ್ಲೇ ಮುಳುಗಿಸಿ ಮರೆಯುತ್ತಾನೆ, ಉಪ್ಪು ತರಲು ಹೋಗಿ ಬೆಲ್ಲ ತರುತ್ತಾನೆ. ಮೊನ್ನೆ ಬಾಗಿಲ ಸಂದಿಯಿಂದ ನೋಡಿದೆ. ಒಣಗಲು ಹಾಕಿದ್ದ ಟವಲ್ಲನ್ನು ಹಗ್ಗದಿಂದ ತೆಗೆದು, ಚೊಂಬಿನ ನೀರಿನಲ್ಲಿ ನೆನೆಸಿ, ಹಿಂಡಿ, ಹಾಸಿಗೆಯ ಮೇಲೆ ಅಂದವಾಗಿ ಹರವಿ, ಜಗಲಿಗೆ ಬಂದು ಗೋಡೆಗೆ ಒರಗಿ ಕೂತು ಕಾಯತೊಡಗಿದ.